‘ಯಾರ ಕಣ್ಣು?’ ಎಂದು ಕೇಳದ ಥ್ರಿಲ್ಲರ್ ವಿಮರ್ಶೆ

ಮಾನ್ಯ ಸಂಪಾದಕರೇ,

ಶುಕ್ರವಾರ ತೆರೆಕಂಡ ಸೈಕಲಾಜಿಕಲ್ ಥ್ರಿಲ್ಲರ್‌ಗೆ ಶನಿವಾರ ಬರುವ ವಿಮರ್ಶೆಯಲ್ಲಿ ಅರ್ಧ ಭಾಗ ಕಥೆ, ಕಾಲು ಭಾಗ ಕಲಾವಿದರ ಹೆಸರು, ಉಳಿದದ್ದು ‘ಹಿನ್ನೆಲೆ ಸಂಗೀತ ಪೂರಕವಾಗಿದೆ’ ಎಂಬಂಥ ಮಾತು. ಹುಬ್ಬಳ್ಳಿ-ಧಾರವಾಡದ ಪದವಿ ವಿದ್ಯಾರ್ಥಿಗಳು ಸಿನಿಮಾ ಕುರಿತು ಅಸೈನ್‌ಮೆಂಟ್ ಬರೆಯುವಾಗ ಇದನ್ನೇ ಮಾದರಿ ಮಾಡಿಕೊಳ್ಳುತ್ತಾರೆ. ಪ್ರಕಾರ (ಯಾವ ಬಗೆಯ ಚಿತ್ರ ಎಂಬುದು), ಸಂಕೇತ, ಲಿಂಗ ಪ್ರಾತಿನಿಧ್ಯ ಎಂದು ಮೂರು ತಲೆಬರಹ ಹಾಕುತ್ತಾರೆ. ಒಂದಕ್ಕೂ ಇನ್ನೊಂದಕ್ಕೂ ನಂಟೇ ಇರುವುದಿಲ್ಲ. ಇಂಥ ಚಿತ್ರಗಳಲ್ಲಿ ನಾವು ಯಾರ ಕಣ್ಣಿನಿಂದ ನೋಡುತ್ತಿದ್ದೇವೆ, ಆ ಕಣ್ಣನ್ನು ನಂಬಬಹುದೇ ಎಂದು ಕೇಳಿಕೊಂಡು ಹೊರಟರೆ ಮೂರೂ ಒಟ್ಟಿಗೇ ಕೈಗೆ ಸಿಗುತ್ತವೆ.

ಮೊದಲು ಪ್ರಕಾರದ ವಿಚಾರ. ಪೋಸ್ಟರಿನ ಮೇಲೆ ಏನು ಅಚ್ಚಾಗಿದೆ ಎನ್ನುವುದರಿಂದ ಪ್ರಕಾರ ತೀರ್ಮಾನವಾಗದು. ಯಾವುದಾದರೂ ದೃಶ್ಯ ಹಿಡಿದು ಪಾತ್ರಕ್ಕೆ ಏನು ಗೊತ್ತು, ಪ್ರೇಕ್ಷಕರಿಗೆ ಏನು ಗೊತ್ತು ಎಂದು ಪಕ್ಕಪಕ್ಕ ಬರೆಯಿರಿ. ಪತ್ತೇದಾರನಿಗೆ ತಿಳಿದಷ್ಟೇ ನಮಗೂ ತಿಳಿದಿದ್ದರೆ ಅದು ಪತ್ತೇದಾರಿ. ಬಾಗಿಲ ಹಿಂದೆ ಕೊಲೆಗಾರ ನಿಂತಿರುವುದು ನಮಗೆ ಗೊತ್ತಿದ್ದು ಪಾತ್ರಕ್ಕೆ ಗೊತ್ತಿಲ್ಲದಿದ್ದರೆ ಸಸ್ಪೆನ್ಸ್. ಪಾತ್ರ ಕಂಡಿದ್ದನ್ನೇ ನಾವೂ ಕಂಡು, ಆಮೇಲೆ ಕಂಡಿದ್ದು ನಿಜವೇ ಎಂದು ಅನುಮಾನ ಶುರುವಾದರೆ ಅದು ಮನಸ್ಸಿನ ಥ್ರಿಲ್ಲರ್. ಒಂದೇ ಚಿತ್ರ ಈ ಮೂರರಲ್ಲೂ ಓಡಾಡುತ್ತದೆ. ಎಷ್ಟನೇ ನಿಮಿಷಕ್ಕೆ ಒಂದರಿಂದ ಇನ್ನೊಂದಕ್ಕೆ ಹೊರಳಿತು ಎಂದು ಗುರುತಿಸಿದರೆ ಪ್ರಕಾರದ ಚರ್ಚೆ ಬಹುಪಾಲು ಮುಗಿದಂತೆ.

ಸಂಕೇತದ ವಿಷಯಕ್ಕೆ ಬಂದರೆ ಅಂದಾಜಿನ ಮಾತೇ ಹೆಚ್ಚು. ‘ಕೆಂಪು ಎಂದರೆ ಅಪಾಯ, ಕನ್ನಡಿ ಎಂದರೆ ಒಡೆದ ಮನಸ್ಸು’ ಎಂಬ ಸಿದ್ಧ ಪಟ್ಟಿಯನ್ನು ಯಾವ ಚಿತ್ರಕ್ಕಾದರೂ ಅಂಟಿಸಬಹುದು. ಇಳಕಲ್ ಸೀರೆಯ ಕೆಂಪು ಸೆರಗು ಹೊದ್ದು ಬಂದವಳು ನಮ್ಮ ಭಾಗದಲ್ಲಿ ಅಪಾಯದ ಗುರುತಾಗುವುದು ಹೇಗೆ? ವಸ್ತು ಕನಿಷ್ಠ ಮೂರು ಸಲ ಕಾಣಿಸಿಕೊಂಡಿರಬೇಕು, ಪ್ರತಿ ಸಲವೂ ಅದರ ಸ್ಥಿತಿಯಲ್ಲಿ ಏನಾದರೂ ಬದಲಾಗಿರಬೇಕು, ಆ ಬದಲಾವಣೆ ಪಾತ್ರದ ಒಂದು ನಿರ್ಧಾರದ ಜೊತೆ ಹೊಂದಬೇಕು. ಇಷ್ಟಿಲ್ಲದಿದ್ದರೆ ಅದನ್ನು ಸೆಟ್ಟಿನ ಸಾಮಾನು ಎಂದೇ ಬಿಟ್ಟುಬಿಡುವುದು ಒಳ್ಳೆಯದು.

ಆಲ್ಫ್ರೆಡ್ ಹಿಚ್‌ಕಾಕ್‌ರ 1960ರ ‘ಸೈಕೋ’ ಚಿತ್ರದ ಒಂದು ಚಿಕ್ಕ ಭಾಗವನ್ನು ಬಿಡಿಸಿ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಎಲ್ಲರೂ ಬರೆಯುವುದು ಸ್ನಾನದ ಮನೆಯ ಕೊಲೆಯ ಬಗ್ಗೆ. ಅದಕ್ಕೆ ಸ್ವಲ್ಪ ಮೊದಲಿನ ದೃಶ್ಯ ನೋಡಿ. ಮೋಟೆಲ್ ನಡೆಸುವ ನಾರ್ಮನ್, ಹುಲ್ಲು ತುಂಬಿದ ಹಕ್ಕಿಗಳಿರುವ ಕೋಣೆಯ ಗೋಡೆಯಿಂದ ಒಂದು ಚಿತ್ರಪಟ ತೆಗೆಯುತ್ತಾನೆ. ಹಿಂದೆ ತೂತು. ಆಚೆ ಕಡೆಯ ಬೆಳಕು ಅವನ ಮುಖಕ್ಕೆ ಬೀಳುತ್ತದೆ. ಸ್ವಲ್ಪದರಲ್ಲೇ ಪಕ್ಕದಿಂದ ಕಾಣುವ ಅವನ ಕಣ್ಣೊಂದೇ ಪರದೆ ತುಂಬುತ್ತದೆ. ನಡುವೆ, ಆ ತೂತಿನಿಂದ ಕಂಡಂತೆ, ಬಟ್ಟೆ ಬದಲಿಸುತ್ತಿರುವ ಮೇರಿಯನ್; ಹಣ ಕದ್ದು ಓಡಿಬಂದು ಆ ಮೋಟೆಲಿನಲ್ಲಿ ತಂಗಿರುವವಳು, ಕೊಲೆಯಾಗುವವಳೂ ಇವಳೇ. ಹಣ ಕದಿಯುವ ಮುನ್ನ ಬಿಳಿ ಇದ್ದ ಅವಳ ಒಳ ಉಡುಪು ಕದ್ದ ಮೇಲೆ ಕಪ್ಪಾಗಿದೆ, ಕೈಚೀಲವೂ ಅಷ್ಟೇ. ಕಪ್ಪು-ಬಿಳುಪು ಚಿತ್ರದಲ್ಲಿ ಈ ಬದಲಾವಣೆ ಕಣ್ಣಿಗೆ ಹೊಡೆಯುವಂತಿದೆ.

ಆ ಚಿತ್ರಪಟದಲ್ಲಿ ಏನಿದೆ ಎಂದು ನೋಡುವವರು ಕಡಿಮೆ. ಅಲ್ಲಿರುವುದು ಸುಸನ್ನಾ ಎಂಬ ಹೆಂಗಸಿನ ಹಳೆಯ ಕಥೆ. ಸ್ನಾನ ಮಾಡುವ ಅವಳನ್ನು ಇಬ್ಬರು ಹಿರಿಯರು ಕದ್ದು ನೋಡಿ, ಅವಳು ಒಪ್ಪದಿದ್ದಾಗ ಅವಳ ಮೇಲೇ ಹಾದರದ ಸುಳ್ಳು ಆರೋಪ ಹೊರಿಸುತ್ತಾರೆ, ಜನ ಅವರನ್ನೇ ನಂಬುತ್ತಾರೆ. ಹೆಣ್ಣನ್ನು ಕದ್ದು ನೋಡುವ ಚಿತ್ರದಿಂದ ಮುಚ್ಚಿದ ತೂತಿನಿಂದಲೇ ಇನ್ನೊಬ್ಬ ಕದ್ದು ನೋಡುತ್ತಾನೆ, ಅವನ ಬೆನ್ನಿಗೆ ನಾವು. ಸಂಕೇತ, ಪ್ರಕಾರ, ಹೆಣ್ಣಿನ ಸ್ಥಾನ ಮೂರೂ ಒಂದೇ ಗೋಡೆಯ ಮೇಲಿವೆ. ಮೇರಿಯನ್ ಸತ್ತ ಮೇಲೆ ನಾರ್ಮನ್ ಅವಳ ಕಾರನ್ನು ಕೆಸರಿನ ಹೊಂಡಕ್ಕೆ ತಳ್ಳುತ್ತಾನೆ; ಅದು ಅರ್ಧ ಮುಳುಗಿ ನಿಂತಾಗ ‘ಅಯ್ಯೋ, ಮುಳುಗಲಿಲ್ಲವಲ್ಲ’ ಎಂದು ಪ್ರೇಕ್ಷಕರ ಎದೆಯೂ ಡವಗುಟ್ಟುತ್ತದೆ. ಅಷ್ಟು ಹೊತ್ತಿಗೆ ನಮ್ಮ ನೋಟ ಸತ್ತವಳಿಂದ ಸಾಕ್ಷ್ಯ ಮುಚ್ಚುವವನಿಗೆ ದಾಟಿಬಿಟ್ಟಿದೆ. ಕ್ಯಾಮೆರಾ, ಪ್ರೇಕ್ಷಕ, ಪಾತ್ರ ಎಂಬ ಮೂರು ನೋಟಗಳನ್ನು ಬೇರ್ಪಡಿಸಿ ನೋಡಬೇಕೆಂದು ಸಿನಿಮಾ ಚಿಂತಕಿ ಲಾರಾ ಮಲ್ವಿ 1975ರಲ್ಲಿ ಬರೆದದ್ದು ಇಂಥ ಕಡೆ ಉಪಯೋಗಕ್ಕೆ ಬರುತ್ತದೆ.

ಕನ್ನಡದಲ್ಲಿ ಕೇಳಲೇಬೇಕಾದ ಪ್ರಶ್ನೆ ಹೆಣ್ಣಿನ ಹುಚ್ಚಿನದು. ‘ಆಪ್ತಮಿತ್ರ’ದಲ್ಲಿ (2004) ಗಂಗಾಳಿಗೆ ಏನಾಗಿದೆ ಎಂದು ಡಾಕ್ಟರಿಗೂ ಗಂಡನಿಗೂ ತಿಳಿದರೂ ಅವಳಿಗೆ ಮಾತ್ರ ತಿಳಿಯದು. ತನ್ನ ಕಥೆ ತನಗೇ ಗೊತ್ತಿಲ್ಲದ ಸ್ಥಿತಿಯನ್ನು ಚಿತ್ರ ಹೇಗೆ ತೋರಿಸಿತು ಎಂದು ಬರೆಯುವುದನ್ನು ಬಿಟ್ಟು ‘ಸೌಂದರ್ಯ ಅದ್ಭುತವಾಗಿ ನಟಿಸಿದ್ದಾರೆ’ ಎಂದು ನಿಲ್ಲಿಸುತ್ತೇವೆ. ಪುಟ್ಟಣ್ಣ ಕಣಗಾಲರ ‘ಶರಪಂಜರ’ ಥ್ರಿಲ್ಲರ್ ಅಲ್ಲ, ಆದರೂ ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ಚಿತ್ರವಿಲ್ಲ: ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಬಿದ್ದು, ಗುಣವಾಗಿ ಮನೆಗೆ ಬಂದ ಕಾವೇರಿಯ ಮಾತನ್ನು ಯಾರೂ ನಂಬುವುದಿಲ್ಲ. ಬಾಣಂತಿಯ ಈ ತೀವ್ರ ಕಾಯಿಲೆ ಸಾವಿರ ಹೆರಿಗೆಗೆ ಒಂದೋ ಎರಡೋ ಕಂಡುಬರುವಂಥದ್ದು, ಸಾಮಾನ್ಯವಾಗಿ ಮೊದಲ ಎರಡು ವಾರದಲ್ಲಿ ಶುರುವಾಗುತ್ತದೆ, ಚಿಕಿತ್ಸೆಗೆ ಬಗ್ಗುತ್ತದೆ. ಹೀಗಿರುವಾಗ ವಿಮರ್ಶಕರು ತೆರೆಯ ಮೇಲಿನ ಪ್ರತಿ ಮನೋರೋಗಿಗೂ ‘ಸೈಕೋ’ ಎಂದು ಹಣೆಪಟ್ಟಿ ಹಚ್ಚುವುದು ಅನ್ಯಾಯ. ಸಿಟ್ಟು ಬಂದರೆ ‘ಇವಳನ್ನ ಧಾರವಾಡಕ್ಕ (ಅಂದರೆ ಇಲ್ಲಿನ ಮಾನಸಿಕ ಆಸ್ಪತ್ರೆಗೆ) ಕಳಸ್ರಿ’ ಎನ್ನುವ ನಾಡಿನಲ್ಲಿ ಈ ಎಚ್ಚರ ನಮಗೆ ಇನ್ನೂ ಹೆಚ್ಚು ಬೇಕು.

ಎಷ್ಟು ಹೆಣ್ಣು ಪಾತ್ರಗಳಿವೆ, ಇಬ್ಬರು ಹೆಂಗಸರು ಗಂಡಸಿನ ಸುದ್ದಿ ಬಿಟ್ಟು ಬೇರೆ ಮಾತಾಡಿದರೇ ಎಂಬ ಲೆಕ್ಕ ನೂರಾರು ಚಿತ್ರಗಳನ್ನು ಒಟ್ಟಾಗಿ ಅಳೆಯಲು ಸರಿ. ಒಂದೇ ಚಿತ್ರಕ್ಕೆ ಅದು ಸಾಲದು. ನಾಯಕಿ ಇಡೀ ಚಿತ್ರದಲ್ಲಿದ್ದೂ ಬರೀ ನೋಡಿಸಿಕೊಳ್ಳುವವಳಾಗಿರಬಹುದು. ಅವಳು ‘ನಾನು ಕಂಡೆ’ ಎಂದ ನಿಮಿಷ, ಇನ್ನೊಬ್ಬರು ಅದನ್ನು ನಂಬಿದ ನಿಮಿಷ, ಎರಡನ್ನೂ ಬರೆದು ನಡುವಿನ ಅಂತರ ನೋಡಿ. ಹಾಡನ್ನು ದಾಟಿಸಬೇಡಿ. ಅಲ್ಲಿಯವರೆಗೆ ಅವಳ ಕಣ್ಣಾಗಿದ್ದ ಕ್ಯಾಮೆರಾ ಹಾಡು ಶುರುವಾದೊಡನೆ ಅವಳ ಸೊಂಟದ ಕಡೆ ತಿರುಗಿದರೆ ದೃಶ್ಯ ಕಟ್ ಆದ ಆ ಜಾಗವನ್ನೇ ಬರೆಯಿರಿ.

ಕೆಲಸ ಹೀಗೆ ಮಾಡಬಹುದು. ಮೊದಲ ಸಲ ಪೆನ್ನು ಹಿಡಿಯದೆ ನೋಡಬೇಕು. ಎರಡನೇ ಸಲ ದೃಶ್ಯಗಳ ಪಟ್ಟಿ, ಸಮಯದೊಂದಿಗೆ. ಮೂರನೆಯದಕ್ಕೆ ಮೂರು-ನಾಲ್ಕು ನಿಮಿಷದ ಒಂದೇ ದೃಶ್ಯ: ಶಾಟ್ ಸಂಖ್ಯೆ, ಎಷ್ಟು ಸೆಕೆಂಡು, ಕ್ಲೋಸ್‌ಅಪ್ಪೋ ದೂರದ್ದೋ, ಯಾರ ನೋಟ, ಯಾವ ಸದ್ದು. ಕಂಪ್ಯೂಟರಿನಲ್ಲಿ ವಿಡಿಯೊ ನೋಡುವ ವಿಎಲ್‌ಸಿ ಪ್ಲೇಯರ್ ತಂತ್ರಾಂಶದಲ್ಲಿ ಚಿತ್ರ ನಿಲ್ಲಿಸಿ ಇಂಗ್ಲಿಷಿನ ‘E’ ಕೀಲಿ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಬಿಸಿಲಲ್ಲಿ ಕೂತು ಮೊಬೈಲಿನಲ್ಲಿ ನೋಡಿದರೆ ಕತ್ತಲ ಮೂಲೆಯಲ್ಲಿ ನಿಂತವರು ಕಾಣುವುದಿಲ್ಲ, ಥ್ರಿಲ್ಲರಿನ ಅರ್ಧ ಕೆಲಸ ನಡೆಯುವುದೇ ಆ ಮೂಲೆಯಲ್ಲಿ. ಹಳೆಯ ಕನ್ನಡ ಚಿತ್ರಗಳ ಯೂಟ್ಯೂಬ್ ಪ್ರತಿಗಳಲ್ಲಿ ಹಾಡು, ದೃಶ್ಯ ಕತ್ತರಿಸಿರುವುದುಂಟು. ಆರಂಭದ ಸೆನ್ಸಾರ್ ಪ್ರಮಾಣಪತ್ರದಲ್ಲಿ ಚಿತ್ರದ ಉದ್ದ ನಮೂದಾಗಿರುತ್ತದೆ, ಅದನ್ನು ಪ್ರತಿಯ ಉದ್ದಕ್ಕೆ ಹೋಲಿಸದೆ ‘ನಿರ್ದೇಶಕರು ಇದನ್ನು ಬಿಟ್ಟಿದ್ದಾರೆ’ ಎಂದು ಬರೆಯುವುದು ತಪ್ಪು.

ತಮ್ಮ ಸಿನಿಮಾ ಪುಟದಲ್ಲಿ ಕಥೆಯ ಸಾರಾಂಶವನ್ನು ನಾಲ್ಕು ಸಾಲಿಗೆ ಇಳಿಸಿ, ಉಳಿದ ಜಾಗದಲ್ಲಿ ಪ್ರತಿ ವಾರ ಒಂದೇ ಒಂದು ದೃಶ್ಯವನ್ನು ಹೀಗೆ ಬಿಡಿಸಿ ಬರೆಸಬೇಕೆಂದು ಕೋರುತ್ತೇವೆ. ಗುಟ್ಟು ಬಯಲಾಗುವ ಕಡೆ ಮೊದಲೇ ಒಂದು ಸೂಚನೆ ಹಾಕಿದರೆ ಚಿತ್ರ ನೋಡದವರಿಗೂ ತೊಂದರೆಯಿಲ್ಲ.

— ಸಿನಿಮಾ ರಸಗ್ರಹಣ ಕಲಿಸುವ ಅಧ್ಯಾಪಕರು, ಧಾರವಾಡ