ಅಪ್ಪಯ್ಯನ ಪಾಲಿಸಿಯ ವಿಚಾರವಾಗಿ ಅಣ್ಣಯ್ಯನಿಗೆ

ಡೊಂಬಿವಲಿ, ಮುಂಬಯಿ

ಪೂಜ್ಯ ಅಣ್ಣಯ್ಯನವರಿಗೆ ನಿಮ್ಮ ತಮ್ಮನ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ನೀವು ವಾಟ್ಸಾಪಿನಲ್ಲಿ ಕಳಿಸಿದ ಆರೋಗ್ಯ ವಿಮೆಯ ಅರ್ಜಿಯನ್ನು ನಿನ್ನೆ ರಾತ್ರಿ ಎರಡು ಸಲ ಓದಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಮಾತು ಗಾಳಿಗೆ ಹೋಗುತ್ತದೆಂದು ಬರೆಯುತ್ತಿದ್ದೇನೆ. ಅಪ್ಪಯ್ಯನ ಹೆಸರಿನ ಅರ್ಜಿಯಲ್ಲಿ ಸಕ್ಕರೆ ಕಾಯಿಲೆ ಇದೆಯೇ ಎಂಬ ಪ್ರಶ್ನೆಯ ಎದುರು ಏಜೆಂಟರು ‘ಇಲ್ಲ’ ಎಂದು ಗುರುತು ಹಾಕಿದ್ದಾರೆ. ಹನ್ನೆರಡು ವರ್ಷಗಳಿಂದ ದಿನಕ್ಕೆ ಎರಡು ಮಾತ್ರೆ ನುಂಗುತ್ತಿರುವವರ ಬಗ್ಗೆ ಹಾಗೆ ಬರೆದ ಕಾಗದಕ್ಕೆ ದಯವಿಟ್ಟು ಸಹಿ ಹಾಕಿಸಬೇಡಿ. ನಾಳೆ ಆಸ್ಪತ್ರೆಗೆ ಸೇರಿದಾಗ ಕಂಪನಿಯವರು ಮೊದಲು ಕೇಳುವುದೇ ಹಳೆಯ ಚೀಟಿಗಳನ್ನು. ಕಾಯಿಲೆಯನ್ನು ಮುಚ್ಚಿಟ್ಟದ್ದು ಗೊತ್ತಾದರೆ ಕ್ಲೇಮು ತಿರಸ್ಕಾರವಾಗುವುದಲ್ಲದೆ ಪಾಲಿಸಿಯೇ ರದ್ದಾಗಬಹುದು. ಆಗ ಆ ಏಜೆಂಟರು ನಮ್ಮ ಜೊತೆ ನಿಲ್ಲುವುದಿಲ್ಲ.

ಇದ್ದದ್ದನ್ನು ಇದ್ದ ಹಾಗೆಯೇ ಬರೆದರೆ ಏನಾಗುತ್ತದೆ ಎಂದು ನೀವು ಕೇಳಿದ್ದೀರಿ. 65 ವರ್ಷ ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಎಂಬ ಮಿತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ತೆಗೆದಿದೆ. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿಯನ್ನೂ ಅದೇ ವರ್ಷ ಹೆಚ್ಚೆಂದರೆ 4 ವರ್ಷದಿಂದ 3 ವರ್ಷಕ್ಕೆ ಇಳಿಸಿದ್ದಾರೆ. ಹಾಗಿದ್ದರೂ, ಈಗ 68 ವರ್ಷದ ಅಪ್ಪಯ್ಯನಿಗೆ ಸಕ್ಕರೆಯಿಂದ ಬರುವ ತೊಂದರೆಗಳಿಗೆ ಪಾಲಿಸಿಯ ಹಣ ಸಿಗಲು 71 ಆಗಬೇಕಾಗಬಹುದು. ಆ ವಯಸ್ಸಿಗೆ ಪ್ರೀಮಿಯಂ ಎಷ್ಟೆಂದು ನೀವೇ ನೋಡಿದ್ದೀರಿ. ಅದರ ಜೊತೆಗೆ ಪ್ರತಿ ಬಿಲ್ಲಿನಲ್ಲಿ ಶೇ. 20ನ್ನು ನಾವೇ ಭರಿಸಬೇಕೆಂಬ ಷರತ್ತು ಮೂರನೆಯ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿದೆ.

ಹೋದ ವರ್ಷ ನಿಮ್ಮ ತಂಗಿಯಂತಿರುವ ನನ್ನ ಮನೆಯವಳ ಪಿತ್ತಕೋಶದ ಆಪರೇಷನ್ನಿನಲ್ಲಿ ನಾನು ಕಲಿತದ್ದನ್ನೂ ಹೇಳಿಬಿಡುತ್ತೇನೆ. ನಮ್ಮದು 5 ಲಕ್ಷದ ಪಾಲಿಸಿ, ಕೋಣೆಯ ಬಾಡಿಗೆಗೆ ದಿನಕ್ಕೆ 5,000 ರೂಪಾಯಿಯ ಮಿತಿ. ಆಸ್ಪತ್ರೆಯಲ್ಲಿ ಆ ದರದ ಕೋಣೆ ಖಾಲಿ ಇರಲಿಲ್ಲ. 8,000ದ ಕೋಣೆ ಕೊಟ್ಟರು. ದಿನಕ್ಕೆ 3,000 ಹೆಚ್ಚಾದರೆ ನಾಲ್ಕು ದಿನಕ್ಕೆ 12,000 ತಾನೇ ಎಂದು ನಾನು ಒಪ್ಪಿಕೊಂಡೆ. ಬಿಲ್ಲು 1,76,000 ಆಯಿತು. ಕೋಣೆಯ ಬಾಡಿಗೆಯಲ್ಲಿ ಎಂಟರಲ್ಲಿ ಮೂರು ಪಾಲು ಹೆಚ್ಚಾಯಿತೆಂದು, ವೈದ್ಯರ ಹಾಗೂ ಆಪರೇಷನ್ ಕೊಠಡಿಯ 96,000 ರೂಪಾಯಿಯಲ್ಲಿಯೂ ಎಂಟರಲ್ಲಿ ಮೂರು ಪಾಲು, ಅಂದರೆ 36,000, ಕಡಿತವಾಯಿತು. ಔಷಧ ಮತ್ತು ಪರೀಕ್ಷೆಗಳ ಹಣಕ್ಕೆ ಮಾತ್ರ ಈ ಕತ್ತರಿ ಬೀಳಲಿಲ್ಲ. ಕೈಗವಸು, ಮಾಸ್ಕು ಮೊದಲಾದವಕ್ಕೆ 6,000. ಕೋಣೆಯ 12,000ವೂ ಸೇರಿ ಒಟ್ಟು 54,000 ರೂಪಾಯಿ ನನ್ನ ಕೈಯಿಂದ ಹೋಯಿತು. ‘ಕ್ಯಾಶ್‌ಲೆಸ್’ ಎಂಬ ಮಾತನ್ನು ನಂಬಿ ಹೋಗಿದ್ದ ನಾನು ಮನೆಗೆ ಬಿಡುವ ದಿನ ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ಬಿಲ್ಲಿಂಗ್ ಕೌಂಟರಿನ ಮುಂದೆ ಕುಳಿತು, ಗೆಳೆಯರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಹಣ ಹೊಂದಿಸಿದೆ. ಉಳಿದ 1,22,000ವನ್ನು ವಿಮೆಯೇ ಕೊಟ್ಟಿತು, ಅದನ್ನು ನಾನು ಮರೆಯುವುದಿಲ್ಲ. ಆದರೆ ಆ ಕೋಣೆಯ ಷರತ್ತನ್ನು ಪಾಲಿಸಿ ಕೊಳ್ಳುವ ದಿನವೇ ಯಾರಾದರೂ ನನಗೆ ಬಿಡಿಸಿ ಹೇಳಬೇಕಿತ್ತು.

ಸರಕಾರಿ ಆಸ್ಪತ್ರೆಗೆ ಹೋದರೆ ಮನುಷ್ಯ ಹೊರಗೆ ಬರುವುದಿಲ್ಲ ಎಂದು ಅಮ್ಮ ಹೇಳುವ ಮಾತನ್ನು ಮಾತ್ರ ನಾನು ಒಪ್ಪಲಾರೆ. ಪರೇಲಿನ ಕೆ.ಇ.ಎಂ. ಆಸ್ಪತ್ರೆ 1926ರಿಂದ ನಡೆಯುತ್ತಿದೆ. ಅದೂ, ಸಯನ್ ಮತ್ತು ನಾಯರ್ ಆಸ್ಪತ್ರೆಗಳೂ ಮುಂಬಯಿ ಮಹಾನಗರ ಪಾಲಿಕೆಯವು. ಮೂರಕ್ಕೂ ಸ್ವಂತ ವೈದ್ಯಕೀಯ ಕಾಲೇಜುಗಳಿದ್ದು, ಖಾಸಗಿಯವರು ಕೈಚೆಲ್ಲಿದ ರೋಗಿಗಳೂ ಕೊನೆಗೆ ಅಲ್ಲಿಗೇ ಬರುತ್ತಾರೆ. ನಮ್ಮ ಪಕ್ಕದ ಮನೆಯ ಹುಡುಗ ಇಲ್ಲಿ ಹೋಟೆಲಿನಲ್ಲಿ ಕೆಲಸಕ್ಕಿರುವುದು ನಿಮಗೆ ಗೊತ್ತು. ಮಳೆಗಾಲದಲ್ಲಿ ಅವನ ಅಪೆಂಡಿಕ್ಸ್ ಒಡೆದು, ರಾತ್ರಿ ಒಂದು ಗಂಟೆಗೆ ಪಾಲಿಕೆಯ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಕೇಸ್ ಪೇಪರ್ ಮಾಡಿಸಿದ್ದಷ್ಟೇ, ಠೇವಣಿ ಎಷ್ಟಿದೆ ಎಂದು ಯಾರೂ ಕೇಳಲಿಲ್ಲ. ಬೆಳಗಾಗುವ ಮೊದಲೇ ಆಪರೇಷನ್ ಮುಗಿದಿತ್ತು.

ಅಲ್ಲಿ ಕಷ್ಟವಿಲ್ಲವೆಂದು ಹೇಳುತ್ತಿಲ್ಲ. ಮೂರು ಗಂಟೆಯ ಸುಮಾರಿಗೆ ಪರೀಕ್ಷೆಗೆಂದು ತೆಗೆದ ಅವನ ರಕ್ತದ ನಳಿಕೆಯನ್ನು ನರ್ಸ್ ನನ್ನ ಕೈಗೇ ಕೊಟ್ಟು, ಇನ್ನೊಂದು ಕಟ್ಟಡದ ಲ್ಯಾಬಿಗೆ ತಲುಪಿಸಿ ಎಂದರು. ಮಳೆಯಲ್ಲಿ ಓಡುವಾಗ ಆ ಪುಟ್ಟ ನಳಿಕೆ ಅಂಗೈಯಲ್ಲಿ ಇನ್ನೂ ಬೆಚ್ಚಗಿತ್ತು. ಬೀಳಿಸಿದರೆ ಏನು ಗತಿ ಎಂದು ಎದೆಗೆ ಒತ್ತಿ ಹಿಡಿದುಕೊಂಡಿದ್ದೆ. ಮೊದಲ ಎರಡು ದಿನ ಅವನಿಗೆ ಎರಡು ಮಂಚಗಳ ನಡುವೆ ನೆಲದ ಮೇಲೆ ಹಾಸಿಗೆ. ಕೆಲವು ಔಷಧಗಳನ್ನು ಹೊರಗಿನಿಂದ ತರಬೇಕಾಯಿತು. ಒಂಬತ್ತು ದಿನವೂ ಹೋಟೆಲಿನ ಹುಡುಗರು ಸರದಿಯ ಮೇಲೆ ಅವನ ಬಳಿ ಇದ್ದರು, ಇಲ್ಲದಿದ್ದರೆ ನಡೆಯುತ್ತಿರಲಿಲ್ಲ. ಚಿಕಿತ್ಸೆ ಚೆನ್ನಾಗಿತ್ತು, ಆದರೆ ಮನೆಯವರ ಕಾಲು ಗಟ್ಟಿಯಿರಬೇಕು. ಒಬ್ಬಂಟಿ ರೋಗಿಗೆ ಅಲ್ಲಿ ಯಾರು ದಿಕ್ಕು ಎಂಬ ಚಿಂತೆ ನನಗೆ ಇಂದಿಗೂ ಹೋಗಿಲ್ಲ.

ಅದಕ್ಕಾಗಿ ನನ್ನ ಅಭಿಪ್ರಾಯವಿದು. ಪಾಲಿಸಿಯನ್ನು ನಿಮಗೆ, ಅತ್ತಿಗೆಗೆ ಮತ್ತು ಮಕ್ಕಳಿಗೆ ಈಗಲೇ ಮಾಡಿಸಿ. ನಿಮ್ಮ ಮೈಯಲ್ಲಿ ಕಾಯಿಲೆಯಿಲ್ಲ, ಕಾಯುವ ಅವಧಿಗಳು ಆರೋಗ್ಯವಿರುವಾಗಲೇ ಕಳೆದುಹೋಗುತ್ತವೆ. ಕೋಣೆಯ ಬಾಡಿಗೆಗೆ ಮಿತಿಯಿಲ್ಲದ್ದನ್ನೇ ಕೇಳಿ. ಕುಂದಾಪುರ, ಉಡುಪಿಯ ಯಾವ ಯಾವ ಆಸ್ಪತ್ರೆಗಳು ವಿಮಾ ಕಂಪನಿಯ ಪಟ್ಟಿಯಲ್ಲಿವೆ ಎಂಬುದನ್ನು ಬರಹದಲ್ಲಿ ತೆಗೆದುಕೊಳ್ಳಿ. ಮಂಗಳೂರಿನವರೆಗೆ ಹೋಗಬೇಕಾದರೆ ರಾತ್ರಿ ಹೊತ್ತು ಅದು ಉಪಯೋಗಕ್ಕೆ ಬಾರದು. ವೈಯಕ್ತಿಕ ಪಾಲಿಸಿಗಳ ಮೇಲಿದ್ದ ಶೇ. 18 ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದಿದ್ದಾರೆ, ಏಜೆಂಟರ ಲೆಕ್ಕದಲ್ಲಿ ಅದು ಸೇರಿದ್ದರೆ ಪ್ರಶ್ನಿಸಿ.

ಅಪ್ಪಯ್ಯನಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದ ಕಾರ್ಡು ಮೊದಲು ಆಗಲಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ನಮ್ಮದು ಎಪಿಎಲ್ ಕಾರ್ಡಾದ್ದರಿಂದ ಸರಕಾರ ನಿಗದಿಪಡಿಸಿದ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ ದೊರೆಯುತ್ತದೆ. ತುರ್ತು ಸಂದರ್ಭ ಬಿಟ್ಟರೆ ಮೊದಲು ಸರಕಾರಿ ಆಸ್ಪತ್ರೆಗೆ ತೋರಿಸಿ, ಅಲ್ಲಿ ಆಗದಿದ್ದರೆ ಅವರ ರೆಫರಲ್ ಪತ್ರ ಪಡೆದೇ ಖಾಸಗಿಗೆ ಹೋಗಬೇಕು. ಈ ಪತ್ರವಿಲ್ಲದೆ ನೇರ ಹೋಗಿ ತೊಂದರೆಗೆ ಸಿಕ್ಕಿದವರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಸಹಕಾರಿ ಸಂಘದ ಸದಸ್ಯರ ಚಿಕಿತ್ಸೆಗೆಂದು ಇರುವ, ನಡುವೆ ನಿಂತು ಮತ್ತೆ ಆರಂಭವಾದ ಯಶಸ್ವಿನಿ ಯೋಜನೆಗೆ ನಿಮ್ಮ ಸಹಕಾರಿ ಸಂಘದಲ್ಲಿ ನೋಂದಣಿ ಯಾವಾಗ ಎಂಬುದನ್ನೂ ವಿಚಾರಿಸಿ.

ಏಜೆಂಟರು ಅಪ್ಪಯ್ಯನ ಹೆಸರಿಗೆ ಹೇಳಿದ ಪ್ರೀಮಿಯಂನಷ್ಟು ಹಣವನ್ನು ಪ್ರತಿ ವರ್ಷ ನಾವಿಬ್ಬರೂ ಅರ್ಧರ್ಧ ಹಾಕಿ, ಅಮ್ಮನ ಜಂಟಿ ಖಾತೆಯಲ್ಲಿ ಅಪ್ಪಯ್ಯನ ಔಷಧಕ್ಕೆಂದೇ ಇಡೋಣ. ನನ್ನ ಪಾಲಿನ ಮೊದಲ ಕಂತನ್ನು ಈ ತಿಂಗಳ ಸಂಬಳ ಬಂದ ಕೂಡಲೇ ಕಳಿಸುತ್ತೇನೆ. ಅವರನ್ನು ಆಸ್ಪತ್ರೆಗೆ ಸೇರಿಸುವ ದಿನ ಬಂದರೆ ನನಗೆ ಒಂದು ಕರೆ ಸಾಕು, ರಾತ್ರಿಯ ಸರದಿಗೆ ನಾನಿರುತ್ತೇನೆ. ಕೊಂಕಣ ರೈಲಿನಲ್ಲಿ ಸೀಟು ಸಿಗದಿದ್ದರೆ ಬಸ್ಸಿನಲ್ಲಾದರೂ ಮರುದಿನ ಅಲ್ಲಿರುತ್ತೇನೆ.

ಅಪ್ಪಯ್ಯನ ಕಳೆದ ಮೂರು ರಕ್ತ ಪರೀಕ್ಷೆಯ ವರದಿಗಳ ಫೋಟೊ ತೆಗೆದು ಕಳಿಸಿ. ಆ ಅರ್ಜಿಯನ್ನು ಏಜೆಂಟರಿಂದ ಹಿಂದಕ್ಕೆ ಪಡೆದು ನಿಮ್ಮಲ್ಲೇ ಇಟ್ಟುಕೊಳ್ಳಿ. ಅಮ್ಮನಿಗೂ ಅತ್ತಿಗೆಗೂ ನನ್ನ ನಮಸ್ಕಾರಗಳನ್ನು, ಮಕ್ಕಳಿಗೆ ಆಶೀರ್ವಾದಗಳನ್ನು ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ತಮ್ಮ