ತೂಕ ನೋಡ್ರಿ, ಆದ್ರ ಎಲ್ಲರ ಮುಂದ ಒದರಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ,

ನಾನು ರಾಯಚೂರಿನಾಕಿ, ನನ್ನ ಮಗಳು ಇಲ್ಲೇ ಒಂದು ಪ್ರೈವೇಟ್ ಸ್ಕೂಲಿನ್ಯಾಗ ಆರನೇ ಕ್ಲಾಸ್. ಹೋದ ತಿಂಗಳು ಹೆಲ್ತ್ ಚೆಕಪ್ ಮಾಡಿದ್ರು, ಒಳ್ಳೇದ, ಮಾಡಬೇಕು, ಆದ್ರ ತೂಕದ ಮಷೀನ್ ಇಟ್ಟಿದ್ದು ಪ್ರೇಯರ್ ಗ್ರೌಂಡಿನ್ಯಾಗ, ಲೈನ್ ಹಚ್ಚಿ ಒಬ್ಬೊಬ್ಬರನ್ನ ಹತ್ತಿಸೋದು, ಒಬ್ರು ಒದರಿ ಹೇಳೋದು ಇನ್ನೊಬ್ರು ರಿಜಿಸ್ಟರ್‌ನ್ಯಾಗ ಬರ್ಕೊಳ್ಳೋದು. ನನ್ನ ಮಗಳ ಪಾಳಿಗೆ "58!" ಅಂತ ಕೂಗ್ಯಾರ. ಅವತ್ತಿಂದ ಕ್ಲಾಸಿನ್ಯಾಗ ಅಕಿ ಹೆಸರ ಅದ ಆಗೈತಿ. ಅಕಿ ಹಿಂದ ನಿಂತಿದ್ದ ಹುಡುಗಂದು 24 ಬಂದಿತ್ತು, ಅವನಿಗೆ ಕಡ್ಡಿ ಅಂತಾರಂತ.

ಈಗ ಅಕಿ ಸ್ವೆಟರ್ ಹಾಕ್ಕೊಂಡು ಸ್ಕೂಲಿಗೆ ಹೋಗ್ತಾಳ್ರಿ. ನಮ್ಮ ಊರ ಬಿಸಿಲು ಎಂಥಾದ್ದು ಎಲ್ಲರಿಗೂ ಗೊತ್ತು, ಅಂಥಾದ್ರಾಗ ಉಲ್ಲನ್ ಸ್ವೆಟರ್. ಯಾಕವ್ವಾ ಅಂದ್ರ "ಹೊಟ್ಟಿ ಕಾಣಸ್ತೈತಿ" ಅಂತಾಳ. ಊಟದ ಡಬ್ಬಿ ಒಯ್ದಂಗ ವಾಪಸ್ ಬರ್ತೈತಿ. ಮೊನ್ನೆ ರಾತ್ರಿ ಅಡಿಗಿ ಮನ್ಯಾಗ ಸಪ್ಪಳ ಆತು ಅಂತ ಎದ್ದು ಹೋದ್ರ ಕತ್ತಲದಾಗ ನಿಂತು ಶೇಂಗಾ ಚಿಕ್ಕಿ ತಿನ್ನಾಕತ್ತಿದ್ಲು, ನನ್ನ ನೋಡಿ ಬಾಯಾಗಿಂದು ನುಂಗಾಕೂ ಆಗ್ಲಿಲ್ಲ ಅಕಿಗೆ.

ಮಕ್ಕಳ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ವಿ. ನಾಚಿಕಿ ಪಡಿಸಿದ್ರ ಮಕ್ಕಳ ತೂಕ ಇಳಿಯಂಗಿಲ್ಲ, ಕದ್ದು ತಿಂತಾರ, ಆಟ ಬಿಡ್ತಾರ, ಅದ್ರಿಂದ ಇನ್ನೂ ಜಾಸ್ತಿ ಆಗ್ತೈತಿ ಅಂದ್ರು. ದೊಡ್ಡವರ ಬಿಎಂಐ (ಎತ್ತರಕ್ಕ ತಕ್ಕ ತೂಕ ಐತೋ ಇಲ್ಲೋ ನೋಡೋ) ಲೆಕ್ಕ ಮಕ್ಕಳಿಗೆ ಹಚ್ಚಬಾರದಂತ, ವಯಸ್ಸು ನೋಡಿ, ಗಂಡೋ ಹೆಣ್ಣೋ ನೋಡಿ ಬ್ಯಾರೆ ಚಾರ್ಟ್ ಐತಂತ. ಬೆಳಿಯೋ ವಯಸ್ಸಿನ ಬಾಳ ಮಕ್ಕಳಿಗೆ ತೂಕ ಇಳಸೋದ ಬ್ಯಾಡ, ಇದ್ದಷ್ಟಕ್ಕ ನಿಂತು ಎತ್ತರ ಬೆಳೆದ್ರ ಸಾಕಾಗ್ತೈತಿ. ಇದನ್ನ ಸ್ಕೂಲಿನವರು ಯಾಕ ಹೇಳ್ಲಿಲ್ಲ, ನನಗ ಬ್ಯಾಸರ ಆಗಿದ್ದು ಅಲ್ಲೇ.

ನಮ್ಮ ಭಾಗದಾಗ ಮಕ್ಕಳ ಅಪೌಷ್ಟಿಕತೆ ಜಾಸ್ತಿ ಅಂತಾನ 2021ರ ಡಿಸೆಂಬರ್‌ನ್ಯಾಗ ಬಿಸಿಯೂಟದ ಜೊತಿ ಮೊಟ್ಟಿ ಕೊಡೋದು ಇಲ್ಲಿ ಶುರು ಆಗಿದ್ದು. ಹಂಗಾಗಿ ದಪ್ಪ ಇದ್ದ ಕೂಸು ಕಂಡ್ರ "ಉಂಡ್ಕೊಂಡು ಚೆನ್ನಾಗೈತಿ ಬಿಡು" ಅಂತ ಸುಮ್ನಾಗ್ತಾರ, ಇಲ್ಲಾ ನಗ್ತಾರ, ಎರಡ ದಾರಿ.

ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ದಿನಕ್ಕ 60 ನಿಮಿಷ ಮೈ ಬೆವರೋ ಆಟ ಬೇಕು ಅಂತೈತಿ, ನಮ್ಮ ಸ್ಕೂಲಿನ್ಯಾಗ ವಾರಕ್ಕ ಎರಡು ಪಿಟಿ ಪಿರಿಯಡ್, ಅದ್ರಾಗ ಒಂದು ಗಣಿತಕ್ಕ ಹೋಗ್ತೈತಿ, ಉಳಿದಿದ್ದ್ರಾಗ ನನ್ನ ಮಗಳಿಗೆ ಸ್ಕೋರ್ ಬರಿ ಅಂತ ಮೂಲ್ಯಾಗ ಕೂಡಸ್ತಾರ. ಓಡ್ಲಿ ಬಿಡ್ರಿ ಅಕಿನೂ, ಲಾಸ್ಟ್ ಬಂದ್ರ ಬರ್ಲಿ. ಸ್ಕೂಲ್ ಗೇಟಿನಿಂದ 50 ಮೀಟರ್ ಒಳಗ ಜಾಸ್ತಿ ಎಣ್ಣಿ, ಉಪ್ಪು, ಸಕ್ಕರಿ ಇರೋ ತಿಂಡಿ ಮಾರಬಾರದು ಅಂತ 2020ರಾಗ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ರೂಲ್ ಮಾಡೈತಿ, ಗೇಟಿಗೆ ಹತ್ತೇ ಹೆಜ್ಜಿ ದೂರದಾಗ ಚಿಪ್ಸ್ ಪಾಕೀಟು ಸಾಲಾಗಿ ಜೋತಾಡ್ತಾವ, ಅದನ್ನ ಯಾರೂ ನೋಡಂಗಿಲ್ಲ.

ಮುಂದಿನ ತಿಂಗಳು ಮತ್ತ ತೂಕ ಹಾಕ್ತಾರಂತ. ಎಲ್ಲ ಸ್ಕೂಲಿನವರಿಗೂ ಕೈ ಮುಗಿದು ಕೇಳ್ತೀನಿ, ಮಷೀನ್ ಒಂದು ರೂಮಿನ್ಯಾಗ ಇಡ್ರಿ, ನಂಬರ್ ಚೀಟಿ ಮ್ಯಾಲ ಬರ್ದು ತಂದಿ ತಾಯಿ ಕೈಯಾಗ ಕೊಡ್ರಿ. ರೂಮ್ ಇಲ್ಲಂದ್ರ ಒಂದು ಪರದೆ ಕಟ್ರಿ, ಬಟ್ಟಿ ನಾನ ತಂದು ಕೊಡ್ತೀನಿ.

ಒಬ್ಬ ತಾಯಿ, ರಾಯಚೂರು