‘ಕಡತ ಲಭ್ಯವಿಲ್ಲ’ ಎಂದು ಬರೆಯುವ ಮುಂಚೆ: ಗೆಳೆಯನಿಗೊಂದು ಪತ್ರ

ಹಾಸನ

ಪ್ರಿಯ ಮಂಜು,

ಸಕಲೇಶಪುರದ ತಾಲ್ಲೂಕು ಕಚೇರಿಗೆ ನಿನಗೆ ವರ್ಗವಾಗಿದೆ, ರೆಕಾರ್ಡ್ ರೂಮಿನ ಜೊತೆಗೆ ಮಾಹಿತಿ ಹಕ್ಕಿನ ಮೇಜೂ ನಿನ್ನ ತಲೆಗೇ ಬಂದಿದೆ ಎಂದು ಗೊತ್ತಾಯಿತು. ಎರಡೂ ಒಬ್ಬನ ಮೇಲೆ ಬಿದ್ದದ್ದು ಶಿಕ್ಷೆ ಅಂತ ನಿನಗೆ ಅನ್ನಿಸುತ್ತಿರಬಹುದು. ನನ್ನನ್ನು ಕೇಳಿದರೆ ಅದು ಅನುಕೂಲವೇ. ಈ ಕೆಲಸ ಕೆಡುವುದು ಕಾನೂನು ಗೊತ್ತಿಲ್ಲದೆ ಅಲ್ಲ. 2005ರ ಮಾಹಿತಿ ಹಕ್ಕು ಅಧಿನಿಯಮದಲ್ಲಿ ಇರುವುದೇ 31 ಕಲಮು, ಒಂದು ಭಾನುವಾರ ಕೂತರೆ ಓದಿ ಮುಗಿಯುತ್ತದೆ. ಕೆಡುವುದು ಕಾಗದ ಎಲ್ಲಿದೆ ಅಂತ ಗೊತ್ತಿಲ್ಲದೆ. ಉತ್ತರಕ್ಕೆ ಸಹಿ ಹಾಕುವ ಸಾರ್ವಜನಿಕ ಮಾಹಿತಿ ಅಧಿಕಾರಿ ಬೇರೆಯವರಿರಬಹುದು, ಬೀಗದ ಕೈ ಇರುವುದು ನಿನ್ನ ಹತ್ತಿರ.

ಮೊದಲು ದಿನದ ಲೆಕ್ಕ. 30 ದಿನ ಎಣಿಸುವುದು ಟಪಾಲು ಶಾಖೆಯ ಸೀಲು ಬಿದ್ದ ದಿನದಿಂದ, ಅರ್ಜಿ ನಿನ್ನ ಮೇಜಿಗೆ ಬಂದ ದಿನದಿಂದಲ್ಲ. ಟಪಾಲಿನಲ್ಲೇ ಅರ್ಜಿ ನಾಲ್ಕು ದಿನ ಮಲಗಿದರೆ ಅದೂ ನಮ್ಮ ಖಾತೆಗೇ. ಹಾಗಾಗಿ ಮಾಹಿತಿ ಹಕ್ಕಿನ ಅರ್ಜಿಗೆ ಪ್ರತ್ಯೇಕ ವಹಿ ಇಡು, ಟಪಾಲಿನವರಿಗೆ ಹೇಳಿ ಅದೇ ದಿನ ಸಂಜೆಯೊಳಗೆ ತರಿಸಿಕೋ. ವಹಿಯಲ್ಲಿ ಅರ್ಜಿ ಬಂದ ದಿನದ ಪಕ್ಕದಲ್ಲೇ ಇನ್ನೆರಡು ದಿನಾಂಕ ಪೆನ್ಸಿಲಿನಲ್ಲಿ ಬರೆದಿಡು: 5ನೇ ದಿನ, 30ನೇ ದಿನ. ಯಾರದಾದರೂ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ. ಕಂದಾಯ ಕಚೇರಿಯಲ್ಲಿ ಅಂಥದ್ದು ಬರುವುದು ಅಪರೂಪ.

ಅರ್ಜಿ ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಬಂದರೆ ಅದರ ಸಂಖ್ಯೆಯನ್ನು ಅರ್ಜಿಯ ಮೇಲೂ ವಹಿಯಲ್ಲೂ ಬರೆದುಕೋ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ, ಅದಕ್ಕೆ ದಾಖಲೆಯ ನಕಲು ಬೇಕು. ಖಜಾನೆಗೆ ಕಟ್ಟುವಾಗ ಲೆಕ್ಕ ಶೀರ್ಷಿಕೆ 0070-60-118 ಅಡಿ ಹೋಗಬೇಕು. ಇತರೆ ಸ್ವೀಕೃತಿಗೆ ಸೇರಿಸಿಬಿಟ್ಟರೆ ಆಡಿಟ್‌ನವರಿಗೆ ಉತ್ತರ ಕೊಡುವವನು ನೀನೇ.

ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು ಎಂದಿದೆ. ಆ ‘ಸಾಮಾನ್ಯವಾಗಿ’ ಎಂಬ ಪದವನ್ನು ನಮ್ಮವರು ಓದುವುದೇ ಇಲ್ಲ. 170 ಪದ ಇದೆ ಅಂತ ಅರ್ಜಿ ವಾಪಸ್ ಕಳಿಸುವುದು ಮೇಲ್ಮನವಿಯನ್ನು ನಾವೇ ಕರೆದು ಕೂರಿಸಿದ ಹಾಗೆ. ಒಂದೇ ಅರ್ಜಿಯಲ್ಲಿ ಪಹಣಿ, ರಸ್ತೆ ಒತ್ತುವರಿ, ಸಿಬ್ಬಂದಿ ಹಾಜರಾತಿ ಮೂರನ್ನೂ ಕೇಳಿದ್ದರೆ ಮೊದಲ ವಿಷಯಕ್ಕೆ ಉತ್ತರ ಕೊಡು, ಉಳಿದದ್ದಕ್ಕೆ ಬೇರೆ ಅರ್ಜಿ ಹಾಕಿ ಎಂದು ಅದೇ ಹಿಂಬರಹದಲ್ಲಿ (ಅರ್ಜಿದಾರರಿಗೆ ಕೊಡುವ ಲಿಖಿತ ಉತ್ತರದಲ್ಲಿ) ಬರೆ. ಯಾಕೆ ಬೇಕು ಎಂದು ಮಾತ್ರ ಕೇಳಬೇಡ. 6(2)ನೇ ಕಲಮು ಅದಕ್ಕೆ ಅವಕಾಶ ಕೊಟ್ಟಿಲ್ಲ, ಕೌಂಟರಿನಲ್ಲಿ ಬಾಯಿಮಾತಿಗೂ ಬೇಡ.

ಆ 5ನೇ ದಿನ ಯಾಕೆ ಅಂದರೆ, ನಮ್ಮದಲ್ಲದ ಅರ್ಜಿಯನ್ನು 6(3)ರ ಪ್ರಕಾರ ಅಷ್ಟರೊಳಗೆ ಸಂಬಂಧಪಟ್ಟ ಕಚೇರಿಗೆ ವರ್ಗಾಯಿಸಿ, ಅರ್ಜಿದಾರರಿಗೂ ಪ್ರತಿ ಕಳಿಸಬೇಕು. ಜನರಿಗೆ ತಾಲ್ಲೂಕು ಕಚೇರಿಯೇ ಸರ್ಕಾರ. ಆನೆ ತುಳಿದ ಕಾಫಿ ಗಿಡದ ಪರಿಹಾರದ ಕಡತ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿರುತ್ತದೆ, ಅರ್ಜಿ ನಿನಗೆ ಬರುತ್ತದೆ. ಹದ್ದುಬಸ್ತು (ಗಡಿ ಗುರುತು), ಪೋಡಿ (ಜಮೀನು ಬೇರ್ಪಡಿಸಿ ಅಳೆದದ್ದು), ಸರ್ವೆ ಟಿಪ್ಪಣಿ ಬೇಕೆಂದರೆ ಭೂದಾಖಲೆಗಳ ಸಹಾಯಕ ನಿರ್ದೇಶಕರಿಗೆ, ನೋಂದಾಯಿತ ಕ್ರಯಪತ್ರವಾದರೆ ಉಪನೋಂದಣಾಧಿಕಾರಿಗೆ, ಗ್ರಾಮಠಾಣಾ ಮನೆಯ ಖಾತೆಯಾದರೆ ಗ್ರಾಮ ಪಂಚಾಯಿತಿಯ ಪಿಡಿಒಗೆ, ಕಾಫಿ ಮಂಡಳಿಯ ಸಬ್ಸಿಡಿ ಕೇಳಿದ್ದರೆ ಮಂಡಳಿಗೆ. ಅರ್ಧ ಮಾಹಿತಿ ನಮ್ಮಲ್ಲಿ, ಅರ್ಧ ಅವರಲ್ಲಿ ಇದ್ದರೆ ಅರ್ಜಿಯ ಪ್ರತಿ ತೆಗೆದಿಟ್ಟುಕೊಂಡು ಅವರ ಭಾಗವನ್ನಷ್ಟೇ ವರ್ಗಾಯಿಸು. 25ನೇ ದಿನ ವರ್ಗಾಯಿಸಿದರೆ ಅದು ಕೈ ತೊಳೆದುಕೊಂಡದ್ದು ಎಂದು ಮಾಹಿತಿ ಆಯೋಗಕ್ಕೂ ಕಾಣುತ್ತದೆ.

ಕಡತ ಬೇರೆ ಶಾಖೆಯ ವಿಷಯ ನಿರ್ವಾಹಕರ ಹತ್ತಿರ ಇದ್ದರೆ ಬಾಯಲ್ಲಿ ಹೇಳಬೇಡ. 5(4)ನೇ ಕಲಮು ಉಲ್ಲೇಖಿಸಿ, ಇಂಥ ದಿನದೊಳಗೆ ಕೊಡಿ ಎಂದು ಟಿಪ್ಪಣಿ ಕಳಿಸಿ, ಪ್ರತಿಯ ಮೇಲೆ ಸಹಿ ತೆಗೆದುಕೋ. ಎರಡನೇ ದಿನ ಒಂದು, ಹತ್ತನೇ ದಿನ ಜ್ಞಾಪನ. ಹಾಗೆ ಕೇಳಿಸಿಕೊಂಡವರು ಕೊಡದಿದ್ದರೆ 5(5)ರ ಪ್ರಕಾರ ಅವರನ್ನೇ ಮಾಹಿತಿ ಅಧಿಕಾರಿ ಎಂದು ಪರಿಗಣಿಸಲಾಗುತ್ತದೆ. ದಂಡ ದಿನಕ್ಕೆ 250 ರೂಪಾಯಿ, ಗರಿಷ್ಠ 25,000, ಹೋಗುವುದು ಕಚೇರಿಯ ಅನುದಾನದಿಂದಲ್ಲ, ಸ್ವಂತ ಜೇಬಿನಿಂದ. ಆ ಎರಡು ಟಿಪ್ಪಣಿ ಇಲ್ಲದಿದ್ದರೆ ಮಾಹಿತಿ ಅಧಿಕಾರಿಯನ್ನು ಯಾರೂ ಉಳಿಸಲಾರರು. ಸಹೋದ್ಯೋಗಿ ಮುನಿಸಿಕೊಂಡಾರು ಎಂಬ ದಾಕ್ಷಿಣ್ಯ ಇಲ್ಲಿ ತುಂಬ ದುಬಾರಿ ಕಣೋ.

ಈಗ ಹುಡುಕುವ ವಿಚಾರ. ನಿನ್ನ ಕಡೆ ಹೆಚ್ಚು ಬರುವುದು ಜಮೀನು ಮಂಜೂರಾತಿ ಕಡತದ ಅರ್ಜಿ: ದರಖಾಸ್ತು (ಸರ್ಕಾರಿ ಜಮೀನು ಕೋರಿದ್ದು), ಬಗರ್ ಹುಕುಂ (ಅನಧಿಕೃತ ಸಾಗುವಳಿಯ ಸಕ್ರಮ) ನಮೂನೆ 50, 53, 57, ಮತ್ತು ಹೇಮಾವತಿ ಮುಳುಗಡೆ ಸಂತ್ರಸ್ತರಿಗೆ ಕೊಟ್ಟ ಜಮೀನು. ಅರ್ಜಿದಾರರ ಹತ್ತಿರ ಇರುವುದು ಸರ್ವೆ ನಂಬರು ಮಾತ್ರ. ರೆಕಾರ್ಡ್ ರೂಮಿನ ಕಡತದ ಗಂಟುಗಳು ಸರ್ವೆ ನಂಬರಿನ ಪ್ರಕಾರ ಕೂತಿಲ್ಲ. ವರ್ಷ ಮತ್ತು ಕಡತ ಸಂಖ್ಯೆಯ ಪ್ರಕಾರ ಕೂತಿವೆ. ಸರ್ವೆ ನಂಬರು ಹಿಡಿದು ನೇರ ಒಳಗೆ ಹೋದವನು ಸಂಜೆ ಧೂಳು ಕೊಡವಿಕೊಂಡು ಬರಿಗೈಲಿ ಬರುತ್ತಾನೆ. ದಾರಿ ಹೀಗೆ: ಪಹಣಿಯ 9 ಮತ್ತು 10ನೇ ಕಾಲಂ ನೋಡಿ ಹಕ್ಕು ಹೇಗೆ ಬಂತು, ಮುಟೇಷನ್ (ಹಕ್ಕು ಬದಲಾವಣೆ) ಸಂಖ್ಯೆ ಎಷ್ಟು ಎಂದು ಹಿಡಿ. ಕಂಪ್ಯೂಟರ್ ಪಹಣಿಯಲ್ಲಿ ಸಿಗದಿದ್ದರೆ ಕೈಬರಹದ ಪಹಣಿಗೆ ಹೋಗು. ಮುಟೇಷನ್ ವಹಿಯಲ್ಲಿ ಮಂಜೂರಾತಿ ಆದೇಶದ ಸಂಖ್ಯೆ, ದಿನಾಂಕ ಇರುತ್ತದೆ. ಆ ಸಂಖ್ಯೆ ಹಿಡಿದು ಆ ವರ್ಷದ ಕಡತ ನೋಂದಣಿ ವಹಿ ತೆಗೆ, ಅಲ್ಲಿಂದ ರೆಕಾರ್ಡ್ ರೂಮಿನ ಜಮಾ ವಹಿ, ಅಲ್ಲಿಂದ ಗಂಟಿನ ಸಂಖ್ಯೆ.

ಇಲ್ಲಿ ಎಡವುವುದು ಮುಖ್ಯವಾಗಿ ಎರಡು ಕಡೆ. ಮೊದಲನೆಯದು ಪೋಡಿ. ದುರಸ್ತಿಯಾದ ಮೇಲೆ ಜಮೀನಿಗೆ ಹೊಸ ಸರ್ವೆ ನಂಬರು ಬಂದಿರುತ್ತದೆ. ಮಂಜೂರಾತಿ ಕಡತದಲ್ಲಿ ಇರುವುದು ಮೂಲ ಗೋಮಾಳದ ಹಳೆಯ ನಂಬರು. ಹೊಸ ನಂಬರಿನಲ್ಲಿ ಹುಡುಕಿ ಇಲ್ಲ ಅಂದರೆ ಅದು ಹುಡುಕಿದ್ದೇ ಅಲ್ಲ. ಆಕಾರಬಂದ್ (ಸರ್ವೆ ನಂಬರುವಾರು ವಿಸ್ತೀರ್ಣದ ದಾಖಲೆ) ನೋಡಿ ಹಳೆ ನಂಬರು ತಿಳಿದುಕೊಂಡು ಮತ್ತೆ ಶುರುಮಾಡು. ಎರಡನೆಯದು, ಕಡತ ಕಳೆದಿಲ್ಲ, ಪ್ರವಾಸದಲ್ಲಿದೆ. ಯಾರೋ ಮೇಲ್ಮನವಿ ಹಾಕಿದಾಗ ಉಪವಿಭಾಗಾಧಿಕಾರಿ ನ್ಯಾಯಾಲಯ ಮೂಲ ಕಡತ ತರಿಸಿಕೊಂಡಿರುತ್ತದೆ, ಪ್ರಕರಣ ಮುಗಿದರೂ ವಾಪಸ್ ಬಂದಿರುವುದಿಲ್ಲ. ಉಪವಿಭಾಗದ ಕಚೇರಿ ನಿನ್ನ ಊರಲ್ಲೇ ಇದೆ, ನಡೆದು ಹೋಗಿ ಕೇಳು. ಆಮೇಲೆ ಜಿಲ್ಲಾಧಿಕಾರಿ ಕಚೇರಿ, ಸಿವಿಲ್ ಕೋರ್ಟು, ತನಿಖೆಗೆ ಒಯ್ದ ಪೊಲೀಸರು. ಕಡತ ಚಲನವಲನ ವಹಿಯನ್ನು ಹಿಂದಿನವರು ಸರಿಯಾಗಿ ಬರೆದಿದ್ದರೆ ಇಷ್ಟು ಅಲೆಯಬೇಕಾಗುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ನೀನು ಬರೆ. ಕಡತ ತೆಗೆದ ಜಾಗದಲ್ಲಿ ಯಾರಿಗೆ, ಯಾವತ್ತು ಕೊಟ್ಟೆ ಎಂಬ ಚೀಟಿ ಇಡುವುದಕ್ಕೆ ಒಂದು ನಿಮಿಷ ಸಾಕು.

ಇಷ್ಟೆಲ್ಲ ಆದ ಮೇಲೂ ಸಿಗಲಿಲ್ಲವೋ, ಬರಿ ‘ಕಡತ ಲಭ್ಯವಿಲ್ಲ’ ಎಂದು ಹಿಂಬರಹ ಕೊಟ್ಟು ಕೂರಬೇಡ. 8ನೇ ಕಲಮಿನ ವಿನಾಯಿತಿಗಳ ಪಟ್ಟಿಯಲ್ಲಿ ‘ಲಭ್ಯವಿಲ್ಲ’ ಎಂಬುದು ಎಲ್ಲೂ ಇಲ್ಲ. ಒಂದು ಕಾಲಕ್ಕೆ ಇದ್ದ ದಾಖಲೆ ಈಗಿಲ್ಲ ಅಂದರೆ ಕೂಲಂಕಷವಾಗಿ ಹುಡುಕಬೇಕು, ವಿಚಾರಣೆ ನಡೆಸಿ ಹೊಣೆ ನಿಗದಿಪಡಿಸಬೇಕು ಎಂದು ದೆಹಲಿ ಹೈಕೋರ್ಟ್ 2013ರಲ್ಲೇ ಹೇಳಿದೆ. ಉತ್ತರದಲ್ಲಿ ಯಾವ ಯಾವ ವಹಿ ನೋಡಿದೆ, ಯಾವ ಗಂಟು ಬಿಚ್ಚಿದೆ, ಯಾವ ಕಚೇರಿಗೆ ಬರೆದೆ, ಯಾವ ದಿನ ಎಂಬುದೆಲ್ಲ ಬರಲಿ. ಅವಧಿ ಮುಗಿದು ನಾಶಪಡಿಸಿದ್ದಾದರೆ ನಾಶದ ಪಟ್ಟಿ ಮತ್ತು ಅನುಮೋದನೆಯ ಪ್ರತಿ ಲಗತ್ತಿಸು. ಮಂಜೂರಾತಿ ಕಡತ ಶಾಶ್ವತವಾಗಿ ಇಡುವಂಥದ್ದು, ಅದಕ್ಕೆ ಈ ಉತ್ತರ ನಡೆಯದು. ನಿಜಕ್ಕೂ ಕಾಣೆಯಾಗಿದ್ದರೆ ಮೇಲಧಿಕಾರಿಗೆ ವರದಿ, ಠಾಣೆಗೆ ದೂರು, ಜೊತೆಗೆ ಬೇರೆ ಕಚೇರಿಗಳಲ್ಲಿರುವ ಪ್ರತಿಗಳಿಂದ ಕಡತ ಪುನರ್‌ನಿರ್ಮಾಣ. 2010ರ ಕರ್ನಾಟಕ ರಾಜ್ಯ ಸಾರ್ವಜನಿಕ ದಾಖಲೆಗಳ ಅಧಿನಿಯಮ ನಮ್ಮ ಕಚೇರಿಗಳಲ್ಲಿ ಬಹಳ ಜನಕ್ಕೆ ನೆನಪಾಗುವುದು ಎಫ್‌ಐಆರ್‌ನಲ್ಲಿ ಅದರ ಹೆಸರು ಬಂದಾಗ. ಸಾಗುವಳಿ ಚೀಟಿ (ಜಮೀನು ಮಂಜೂರಾದವರಿಗೆ ಕೊಡುವ ಪತ್ರ) ವಿತರಣೆಯ ವಹಿ, ದರಖಾಸ್ತು ವಹಿಗಳ ಸಂಬಂಧಿಸಿದ ಪುಟವಾದರೂ ಅರ್ಜಿದಾರರಿಗೆ ಕೊಡಬಹುದು. ಕಡತ ಇಲ್ಲದೆ ವಹಿ ಮಾತ್ರ ಇದ್ದಾಗ ಒಂದು ಎಚ್ಚರ: ನಡುವೆ ತುರುಕಿದ ಸಾಲು, ಬೇರೆ ಶಾಯಿ, ತಿದ್ದಿದ ಸಂಖ್ಯೆ ಕಂಡರೆ ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡಿ ಕೊಡು. ಸರಿಪಡಿಸಲು ಹೋಗಬೇಡ, ಮೇಲಧಿಕಾರಿಗೆ ಟಿಪ್ಪಣಿ ಮಂಡಿಸು.

ಕಡತ ಸಿಕ್ಕಿತು ಅನ್ನೋಣ. ನಕಲಿನ ಹಣ ಕೇಳುವ ಮುಂಚೆ ಪುಟ ಎಣಿಸು. ಟಿಪ್ಪಣಿ ಹಾಳೆಗೂ ಪತ್ರ ವ್ಯವಹಾರಕ್ಕೂ ಪುಟಸಂಖ್ಯೆ ಬೇರೆ ಬೇರೆ. ಹಿಂಬದಿಯಲ್ಲಿ ಬರಹ ಇದ್ದರೆ ಅದೂ ಒಂದು ಪುಟ. ಎ4 ಪುಟಕ್ಕೆ 2 ರೂಪಾಯಿಯಂತೆ 148 ಪುಟವಾದರೆ 296. ಪತ್ರದಲ್ಲಿ ಲೆಕ್ಕ ಹೇಗೆ ಬಂತು ಎಂದೂ, ಈ ಮೊತ್ತದ ಬಗ್ಗೆ ಯಾರಿಗೆ ಮೇಲ್ಮನವಿ ಸಲ್ಲಿಸಬಹುದು ಎಂದೂ ಇರಬೇಕು. ಪತ್ರ ರವಾನೆಯಾದ ದಿನದಿಂದ ಹಣ ಕಟ್ಟುವ ದಿನದವರೆಗೆ ಗಡಿಯಾರ ನಿಲ್ಲುತ್ತದೆ. ಜೂನ್ 3ಕ್ಕೆ ಅರ್ಜಿ ಬಂತು, 15ಕ್ಕೆ ಪತ್ರ ಹೋಯಿತು. 12 ದಿನ ಖರ್ಚು. ಅವರು 29ಕ್ಕೆ ಕಟ್ಟಿದರೆ ಅಲ್ಲಿಂದ 18 ದಿನ, ಅಂದರೆ ಜುಲೈ 17ರವರೆಗೆ ನಿನಗೆ ಸಮಯ. 30 ದಿನ ದಾಟಿದ ಮೇಲೆ ಹಣ ಕೇಳುವಂತೆಯೇ ಇಲ್ಲ, ಎಷ್ಟೇ ಪುಟವಿದ್ದರೂ ಉಚಿತ. 29ನೇ ದಿನ ಹಣ ಕೇಳಿ ಸಮಯ ಉಳಿಸಿಕೊಳ್ಳುವ ಚಾಳಿ ನಮ್ಮಲ್ಲಿ ಇದೆ. ಅದನ್ನು ಕಲಿಯಬೇಡ. ಕಡತ ದೊಡ್ಡದಿದ್ದರೆ ಪರಿಶೀಲನೆಗೆ ಬನ್ನಿ, ಬೇಕಾದ ಪುಟ ಗುರುತಿಸಿ ಎಂದು ದಿನ, ಸಮಯ ಕೊಡು. ನಿನ್ನ ಎದುರಿಗೇ ಕೂರಿಸಿ ತೋರಿಸು, ಪೆನ್ನು ಬೇಡ, ಪೆನ್ಸಿಲು ಕೊಡು.

ಮರೆಮಾಚುವುದರಲ್ಲೂ ಕೈಚಳಕ ಬೇಕು. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಮೊಬೈಲ್ ನಂಬರನ್ನು 10ನೇ ಕಲಮಿನ ಪ್ರಕಾರ ಬೇರ್ಪಡಿಸಿ ಉಳಿದದ್ದನ್ನು ಕೊಡಬಹುದು. ಮೂಲದ ಮೇಲೆ ಮಾರ್ಕರ್ ಮುಟ್ಟಿಸಲೇಬೇಡ. ನಕಲಿನ ಮೇಲೆ ಬಳಿದು, ಬಳಿದದ್ದನ್ನು ಮತ್ತೊಮ್ಮೆ ನಕಲು ತೆಗೆದು ಎರಡನೆಯದನ್ನು ಕೊಡು; ಮೊದಲನೆಯದನ್ನು ಬೆಳಕಿಗೆ ಹಿಡಿದರೆ ಅಂಕಿ ಕಾಣುತ್ತದೆ. ಪಿಡಿಎಫ್‌ನಲ್ಲಿ ಕಪ್ಪು ಚೌಕ ಇಟ್ಟರೆ ಅಕ್ಷರ ಅಡಿಯಲ್ಲಿ ಹಾಗೇ ಇರುತ್ತದೆ, ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡು.

ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ 8(1)(ಜೆ) ಬಗ್ಗೆ ನಿನಗೆ ಎಲ್ಲರೂ ಉಪದೇಶ ಮಾಡುತ್ತಾರೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಮೂಲಕ ಆದ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಮೇಲೆ, ವೈಯಕ್ತಿಕ ಮಾಹಿತಿ ಎಂದಷ್ಟೇ ಹೇಳಿ ನಿರಾಕರಿಸುವುದು ಸಲೀಸಾಗಿದೆ. ಆದರೆ ಸಾರ್ವಜನಿಕ ಹಿತಾಸಕ್ತಿ ಮೇಲುಗೈ ಆದರೆ ಕೊಡಬೇಕು ಎನ್ನುವ 8(2) ಇನ್ನೂ ಇದೆ. ರಿಯಾಯಿತಿ, ಪರವಾನಗಿ ಪಡೆದವರ ವಿವರವನ್ನು ಕೇಳದೆಯೇ ಪ್ರಕಟಿಸಿ ಎನ್ನುವ 4(1)(ಬಿ) ಕೂಡ ಇದೆ. ನಮ್ಮವರು ಮರೆಯುವುದು 8(3)ನ್ನು: 20 ವರ್ಷಕ್ಕಿಂತ ಹಿಂದೆ ನಡೆದ ಸಂಗತಿಯಾದರೆ 8(1)ರ (ಎ), (ಸಿ), (ಐ), ಅಂದರೆ ದೇಶದ ಭದ್ರತೆ, ಶಾಸನಸಭೆಯ ಹಕ್ಕು, ಮಂತ್ರಿಮಂಡಲದ ಕಾಗದ, ಇವು ಬಿಟ್ಟು ಬೇರೆ ಯಾವ ವಿನಾಯಿತಿಯೂ ಉಳಿಯುವುದಿಲ್ಲ. ಗೊರೂರಿನ ಹೇಮಾವತಿ ಅಣೆಕಟ್ಟಿನ ಕಾಲದ ಮಂಜೂರಾತಿಗೆ ‘ವೈಯಕ್ತಿಕ’ ಎಂದು ಹಿಂಬರಹ ಬರೆದರೆ ಮೊದಲ ಮೇಲ್ಮನವಿಯಲ್ಲೇ ಬಿದ್ದುಹೋಗುತ್ತದೆ.

ಮೂರನೇ ವ್ಯಕ್ತಿಗೆ 11ನೇ ಕಲಮಿನ ನೋಟಿಸ್ ಕೂಡ ಎಲ್ಲದಕ್ಕೂ ಅಲ್ಲ. ಅವರು ಗೌಪ್ಯ ಎಂದು ಕೊಟ್ಟ ಅಥವಾ ಹಾಗೆ ಪರಿಗಣಿಸಿದ ಮಾಹಿತಿಗೆ ಮಾತ್ರ. 5 ದಿನದೊಳಗೆ ನೋಟಿಸ್, ಅವರಿಗೆ 10 ದಿನ, ಒಟ್ಟು 40 ದಿನದಲ್ಲಿ ತೀರ್ಮಾನ. ಅವರು ಬೇಡ ಅಂದಾಕ್ಷಣ ಮುಗಿಯಲಿಲ್ಲ, ತೀರ್ಮಾನ ಮಾಹಿತಿ ಅಧಿಕಾರಿಯದೇ.

ಯಾವುದನ್ನೇ ನಿರಾಕರಿಸಿದರೂ ಕಲಮು, ಅದು ಈ ಪುಟಕ್ಕೆ ಯಾಕೆ ಅನ್ವಯ ಎಂಬ ಎರಡು ಸಾಲು, ಪ್ರಥಮ ಮೇಲ್ಮನವಿ ಪ್ರಾಧಿಕಾರದ ಹುದ್ದೆ ಮತ್ತು ವಿಳಾಸ, 30 ದಿನದ ಗಡುವು ಇವು ಇರಲಿ. ಆಮೇಲೆ 90 ದಿನದೊಳಗೆ ಅವರು ಕರ್ನಾಟಕ ಮಾಹಿತಿ ಆಯೋಗಕ್ಕೆ ಹೋಗಬಹುದು. ಅಲ್ಲಿ ನಿರಾಕರಣೆ ಸರಿ ಎಂದು ಸಾಬೀತುಪಡಿಸುವ ಭಾರ ನಮ್ಮದು, ಅವರದಲ್ಲ.

ಇನ್ನು ಮಳೆ. ಹಾಸನದ ರೆಕಾರ್ಡ್ ರೂಮಿಗೂ ನಿನ್ನದಕ್ಕೂ ಹೋಲಿಕೆಯೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುತ್ತದೆ. ರ‍್ಯಾಕನ್ನು ಗೋಡೆಗೆ ತಾಗಿಸಬೇಡ, ಮಧ್ಯೆ ಕೈ ಆಡುವಷ್ಟು ಜಾಗ ಬಿಡು. ಕೆಳಗಿನ ಹಲಗೆ ಖಾಲಿ ಇರಲಿ. ಮೇಲಿನ ಹಲಗೆಯಲ್ಲಿ ಮುಟೇಷನ್ ವಹಿಯಂಥ ಶಾಶ್ವತ ದಾಖಲೆ ಇಡಬೇಡ, ಹೆಂಚು ಮೊದಲು ಸೋರುವುದು ಅಲ್ಲೇ. ತೇವ ಹಿಡಿದ ಗಂಟನ್ನು ಬಿಸಿಲಿಗೆ ಹರಡಿದರೆ ಶಾಯಿ ಮಾಸುತ್ತದೆ, ಹಾಳೆ ಮುರುಟುತ್ತದೆ. ಬಿಚ್ಚಿ ಫ್ಯಾನಿನ ಗಾಳಿಗೆ ಆರಿಸು. ತೇವದ ಹಾಳೆ ಜೆರಾಕ್ಸ್ ಯಂತ್ರದಲ್ಲಿ ಸಿಕ್ಕಿಕೊಂಡು ಹರಿಯುತ್ತದೆ. ಹರಿದದ್ದಕ್ಕೆ ಸೆಲ್ಲೋಟೇಪ್ ಬೇಡ, ಕೆಲವೇ ವರ್ಷದಲ್ಲಿ ಹಳದಿಯಾಗಿ ಅಕ್ಷರ ನುಂಗುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ದಪ್ಪ ವಹಿಯನ್ನು ಗಾಜಿನ ಮೇಲೆ ಒತ್ತಿದರೆ ಹೊಲಿಗೆ ಬಿಡುತ್ತದೆ, ಮೇಲಿನಿಂದ ಫೋಟೊ ತೆಗೆದು ಅದನ್ನೇ ದೃಢೀಕರಿಸಿ ಕೊಡು. ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಆದ ದಾಖಲೆ ಇದ್ದರೆ ಮೊದಲು ಅಲ್ಲಿ ನೋಡು, ಮೂಲಕ್ಕೆ ಕೈಹಾಕುವುದು ತಪ್ಪುತ್ತದೆ. ಸ್ಕ್ಯಾನ್ ಆಯಿತು ಅಂತ ಮೂಲವನ್ನು ಮೂಲೆಗೆ ಎಸೆಯಲು ಮಾತ್ರ ಬಿಡಬೇಡ.

ಉತ್ತರ ಕಳಿಸುವಾಗ ರವಾನೆ ವಹಿಯ ಸಾಲಿನ ಪಕ್ಕದಲ್ಲೇ ಅಂಚೆ ರಸೀದಿ ಅಂಟಿಸು. 2025ರ ಸೆಪ್ಟೆಂಬರ್‌ನಿಂದ ನೋಂದಾಯಿತ ಅಂಚೆ ಸ್ಪೀಡ್ ಪೋಸ್ಟ್‌ನಲ್ಲಿ ಸೇರಿಹೋಗಿದೆ. ಕಚೇರಿಯ ಹಳೇ ಹಿಂಬರಹದ ನಮೂನೆಯಲ್ಲಿ ‘ನೋಂದಾಯಿತ ಅಂಚೆ ಮೂಲಕ’ ಅಂತಲೇ ಇರುತ್ತದೆ, ತಿದ್ದಿಸು. ಮುದ್ದಾಂ (ನೇರ ಕೈಗೇ) ಕೊಟ್ಟರೆ ಸಹಿಯ ಕೆಳಗೆ ದಿನಾಂಕ ಅವರ ಕೈಯಲ್ಲೇ ಬರೆಸು, ಎಷ್ಟು ಪುಟ ಎಂದೂ ಬರೆಸು.

ಚಾರ್ಜ್ ತೆಗೆದುಕೊಳ್ಳುವ ಪಟ್ಟಿಗೆ ಇನ್ನೂ ಸಹಿ ಹಾಕಿಲ್ಲ ತಾನೆ? ಗಂಟುಗಳನ್ನು ಎಣಿಸಿದ ಮೇಲೆ ಹಾಕು. ಎಣಿಕೆಗೆ ಸಿಗದದ್ದನ್ನು ಪಟ್ಟಿಯ ಕೆಳಗೆ ಬರೆದೇ ಹಾಕು.

ನಿನ್ನ,
ಶಿವು